ನನ್ನದಲ್ಲದ ಸ್ಟಾಪು

ಹುಬ್ಬಳ್ಳಿಯಿಂದ ಧಾರವಾಡದ ಶಾಲೆಗೆ ಪಾಠ ಹೇಳಲು ನಾನು ಹತ್ತುತ್ತಿದ್ದ ಬಸ್ಸಿನ ಕಂಡಕ್ಟರ್ ಸೀಟಿ ಊದಿದ್ದನ್ನು ಕಂಡವರಿಲ್ಲ. ದನಿಯೇ ಸಾಕಿತ್ತು. “ಬೈರಿದೇವರಕೊಪ್ಪ ಇಳಿಯೋರು ಬರ್ರಿ!” ಎಂದರೆ ಹಿಂದಿನ ಸೀಟಿನಲ್ಲಿ ನಿದ್ದೆಹೋದವರೂ ಎದ್ದು ಚೀಲ ಹುಡುಕುತ್ತಿದ್ದರು. ಕೂಗಿ ಮುಗಿಸಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು.

ಒಂದು ದೀಪಾವಳಿಗೆ ಆ ದನಿ ಒಡೆಯಿತು. “ಒದರಿ ಒದರಿ ಗಂಟಲಾ ಕಟ್ಟೈತ್ರಿ ಅಕ್ಕೋರ, ಅಷ್ಟ,” ಎಂದರು. ದಿನವೂ ಅದನ್ನೇ ಹೇಳಿದರು. ನಾವು ನಂಬಿದೆವು, ನಾನಂತೂ ಜ್ಯೇಷ್ಠಮಧು ತಂದುಕೊಟ್ಟೆ. ಸಂಕ್ರಾಂತಿಯಾದರೂ ಗಂಟಲು ಬಿಡಲಿಲ್ಲ. ರೊಟ್ಟಿ ನುಂಗುವುದು ಕಷ್ಟವಾಯಿತು, ಒಂದು ಕಿವಿ ನೋಯತೊಡಗಿತು. ಕುತ್ತಿಗೆಯಲ್ಲಿ ಗಂಟು ಕಾಣಿಸಿದ ಮೇಲೆಯೇ ಅವರು ಆಸ್ಪತ್ರೆಗೆ ಹೋದದ್ದು. ಧ್ವನಿತಂತುವಿನಲ್ಲಿ ಹುಟ್ಟಿದ ಕ್ಯಾನ್ಸರ್ ಅಷ್ಟರಲ್ಲಿ ಕುತ್ತಿಗೆಗೂ ಹಬ್ಬಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ಎರಡು ವರ್ಷದ ನಂತರ ಅದೇ ಬಸ್ಸಿನಲ್ಲಿ ಪ್ರಯಾಣಿಕರಾಗಿ ನನ್ನ ಮುಂದಿನ ಸೀಟಿನಲ್ಲಿ ಸಿಕ್ಕರು. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ ರಂಧ್ರದ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿದ್ದರು. “ಆರಾಮ ಇದ್ದೀರೇನ್ರಿ?” ಎಂದೆ. ನನ್ನ ಒಡಕು ದನಿ ಕೇಳಿದ್ದೇ ಅವರ ನಗು ನಿಂತಿತು. ಮೊಬೈಲಿನಲ್ಲಿ ಏನೋ ಒತ್ತಿ ನನ್ನ ಮುಂದೆ ಹಿಡಿದರು: “ಎಷ್ಟ ವಾರ ಆತ್ರಿ?”

“ನಾಲ್ಕೈದು ಆಗಿರಬೇಕ್ರಿ. ಹುಡುಗರ ಮುಂದ ಒದರಿ ಒದರಿ ಗಂಟಲಾ ಕಟ್ಟೈತಿ, ಅಷ್ಟ.”

ಅವರು ಎದ್ದು ಬಸ್ಸಿನ ತಗಡಿಗೆ ಜೋರಾಗಿ ಬಡಿದರು. ಆಸ್ಪತ್ರೆಯ ಗೇಟಿನೆದುರು ಬಸ್ಸು ನಿಂತಿತು. ನನ್ನ ಸ್ಟಾಪು ಇನ್ನೂ ದೂರವಿತ್ತು. ನನ್ನ ಚೀಲ ಎತ್ತಿಕೊಂಡು ಅವರಾಗಲೇ ಇಳಿದಿದ್ದರು.