ಅಪ್ಪನ ದೀಪಾವಳಿ ಕ್ಯಾಸೆಟ್

ಸ್ಪಿರಿಟ್ಟಿನ ವಾಸನೆ ಬಂದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ದೀಪಾವಳಿ. ಮೊನ್ನೆ ಅಮ್ಮನನ್ನು ಸಕ್ಕರೆ ಪರೀಕ್ಷೆಗೆಂದು ಶಿವಮೊಗ್ಗದ ದುರ್ಗಿಗುಡಿಯ ಒಂದು ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಅಮ್ಮನ ತೋಳು ಒರೆಸಿದಳು. ಆ ತಣ್ಣನೆಯ, ಮೂಗಿನೊಳಗೆ ಸಣ್ಣಗೆ ಚುಚ್ಚುವ ವಾಸನೆ ಹರಡಿತು. ಸೂಜಿ ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿದ್ದ ಅಮ್ಮ ಇದ್ದಕ್ಕಿದ್ದಂತೆ, "ನಮ್ಮ ಟೇಪ್ ರೆಕಾರ್ಡರ್ ವಾಸನೆ ಕಣೇ" ಎಂದಳು. ಲ್ಯಾಬಿನ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ನನಗೆ ಮಾತ್ರ ನಿಂತಲ್ಲೇ ಭದ್ರಾವತಿ ಕಾಣಿಸಿತು. ನ್ಯೂ ಟೌನಿನ ಕ್ವಾರ್ಟರ್ಸ್, ಕೆಂಪು ಗಾರೆಯ ನೆಲ, ಆ ನೆಲದ ಮೇಲೆ ಹಳೆಯ ಪಂಚೆ ಹಾಸಿಕೊಂಡು, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವಷ್ಟು ಹುಷಾರಾಗಿ ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಿದ್ದ ಅಪ್ಪ.

ನಮ್ಮದು ಸಾಲಿನ ಕೊನೆಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕದಲ್ಲಿ ಯಾವಾಗಲೂ ಕಾಯಿ ಇರುತ್ತಿದ್ದ ಸೀಬೆ ಗಿಡ. ಅಪ್ಪ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತರಾಗಿದ್ದರು. ಹೆಚ್ಚು ಮಾತಿನವರಲ್ಲ. ಅವರಿಗೆ ಇದ್ದದ್ದು ಒಂದೇ ಕೊರಗು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದರಂತೆ. ಆ ಧ್ವನಿಯನ್ನು ಯಾರೂ ಹಿಡಿದಿಡಲಿಲ್ಲ. "ಫೋಟೋ ಇದೆ, ಆದ್ರೆ ಫೋಟೋ ಮಾತಾಡಲ್ವಲ್ಲ" ಎನ್ನುತ್ತಿದ್ದರು ಅಪ್ಪ. ಹಾಗಾಗಿಯೇ ಇರಬೇಕು, ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಮನೆಗೆ ಬಂದ ವರ್ಷವೇ ಅವರು ದೀಪಾವಳಿಗೆ ಮನೆಯವರ, ಬೇಕಾದವರ ಹಾಡುಗಳನ್ನೆಲ್ಲ ಸೇರಿಸಿ ಒಂದು ಕ್ಯಾಸೆಟ್ ಮಾಡಿ, ನೆಂಟರಿಗೂ ಸ್ನೇಹಿತರಿಗೂ ಹಂಚಲು ಶುರುಮಾಡಿದರು. ಬೇರೆಯವರ ಮನೆಯಿಂದ ಹಬ್ಬಕ್ಕೆ ಕಜ್ಜಾಯ ಬರುತ್ತಿತ್ತು. ನಮ್ಮ ಮನೆಯಿಂದ ಕಜ್ಜಾಯದ ಜೊತೆಗೆ ಕ್ಯಾಸೆಟ್ಟೂ ಹೋಗುತ್ತಿತ್ತು.

ರೆಕಾರ್ಡಿಂಗ್ ನಡೆಯುತ್ತಿದ್ದದ್ದು ಮಧ್ಯಾಹ್ನದ ಊಟವಾದ ಮೇಲೆ. ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಗರಗರ ಎನ್ನುತ್ತದೆಂದು ಫ್ಯಾನನ್ನೂ ಆರಿಸಿ, ಎಲ್ಲರೂ ಬೆವರುತ್ತ ಕೂರಬೇಕಾಗಿತ್ತು. ಅಪ್ಪ ಮೊದಲು ಗಂಟಲು ಸರಿಮಾಡಿಕೊಂಡು ರೇಡಿಯೋದವರ ಹಾಗೆ, "ಕೇಳುಗರಿಗೆ ಹಬ್ಬದ ಶುಭಾಶಯಗಳು. ಈಗ ನಮ್ಮ ಮನೆಯ ಯಜಮಾನಿಯವರಿಂದ ಒಂದು ಆರತಿ ಹಾಡು" ಎನ್ನುತ್ತಿದ್ದರು. ಯಜಮಾನಿ ಎಂದೊಡನೆ ಅಮ್ಮನಿಗೆ ನಗು ಬಂದು ಹಾಡಿನ ಮೊದಲ ಸಾಲು ಪ್ರತಿ ವರ್ಷವೂ ಅಲುಗುತ್ತಿತ್ತು. ಆಮೇಲೆ ಪಕ್ಕದ ಮನೆಯ ಸೆಲ್ವಿಯಕ್ಕ. ಅವರ ಗಂಡ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಸೆಲ್ವಿಯಕ್ಕ ಮೂಗುತಿ ಹೊಳೆಯುವ ಹಾಗೆ ಮುಖ ಎತ್ತಿ, ಕಣ್ಣು ಮುಚ್ಚಿ, ತಮಿಳಿನಲ್ಲಿ ಒಂದು ದೇವರ ಹಾಡು ಹಾಡುತ್ತಿದ್ದರು. ಅಮ್ಮನ ತಂಗಿ, ದುರ್ಗಿಗುಡಿಯಲ್ಲಿದ್ದ ನಮ್ಮ ಚಿಕ್ಕಮ್ಮ, ಸಂಗೀತ ಕಲಿತವಳು. ಶ್ರುತಿಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಶಾಲೆಯ ಪ್ರಾರ್ಥನೆಯನ್ನು 'ರ' ಬಾರದ ನಾಲಿಗೆಯಲ್ಲಿ ಒದರುತ್ತಿದ್ದೆ. ನಡುನಡುವೆ ಅಪ್ಪ ವರ್ಷವಿಡೀ ರೇಡಿಯೋದಿಂದ ಹಿಡಿದಿಟ್ಟ ಸಿನಿಮಾ ಹಾಡುಗಳು ಬರುತ್ತಿದ್ದವು. ಒಮ್ಮೆ ಚಿಕ್ಕಮ್ಮನ ಆಲಾಪನೆ ಏರುತ್ತಿರುವಾಗಲೇ ಕಾರ್ಖಾನೆಯ ಸೈರನ್ ಕೂಗಿತು. ಅಪ್ಪ ಅದನ್ನು ಅಳಿಸಲಿಲ್ಲ. "ಅದೂ ನಮ್ಮೂರಿನದೇ ಅಲ್ವಾ, ಇರ್ಲಿ ಬಿಡು" ಎಂದರು. ಎಲ್ಲರೂ ಹಾಡಿದರೂ ಅಪ್ಪ ಮಾತ್ರ ಹಾಡುತ್ತಿರಲಿಲ್ಲ. ಕೇಳಿದರೆ, ಗುಂಡಿ ಒತ್ತುವವನು ಒಬ್ಬ ಬೇಕಲ್ಲ ಎನ್ನುತ್ತಿದ್ದರು.

ಹಾಡಿದ್ದು ಮುಗಿದ ಮೇಲೆ ಕಾಪಿ ತೆಗೆಯುವ ಕೆಲಸ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ, ಪೂರ್ತಿ ಓಡುವವರೆಗೆ ಕಾಯಬೇಕು. ಅಮ್ಮ ಒಳಗೆ ಪಾಕ ಹಿಡಿಯುತ್ತಿದ್ದರೆ ಇಡೀ ಮನೆ ಬೆಲ್ಲ ಮತ್ತು ಸ್ಪಿರಿಟ್ಟು ಎರಡೂ ಸೇರಿದ ಒಂದು ವಿಚಿತ್ರ ಪರಿಮಳದಲ್ಲಿ ಇರುತ್ತಿತ್ತು. ನಾನು ಹೊಟ್ಟೆಯ ಮೇಲೆ ಮಲಗಿ ಪ್ರತಿ ಕ್ಯಾಸೆಟ್ಟಿನ ಕಾಗದದ ಮೇಲೆ ಸ್ಕೆಚ್ ಪೆನ್ನಿನಿಂದ ಹಣತೆಯ ಚಿತ್ರ ಬರೆಯುತ್ತಿದ್ದೆ. ಯಾರ ಮನೆಗೆ ಹೋದರೂ, "ನಿನ್ನ ಹಾಡು ಕೇಳಿದ್ವಿ" ಎಂದು ಕೆನ್ನೆ ಹಿಂಡುತ್ತಿದ್ದರು. ಊರಿನಲ್ಲಿ ಯಾರೋ ಒಬ್ಬರಿಗೆ ನಾವು ಬೇಕಾದವರು ಅನ್ನುವ ಆ ಬೆಚ್ಚನೆಯ ಭಾವ ಆಮೇಲೆ ಯಾವ ಹಬ್ಬದಲ್ಲೂ ನನಗೆ ಅಷ್ಟು ಸಲೀಸಾಗಿ ಸಿಗಲಿಲ್ಲ.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಇರಬೇಕು. ಹಬ್ಬ ಮುಗಿದ ಮೇಲೆ ದುರ್ಗಿಗುಡಿಗೆ ಹೋಗಿದ್ದೆವು. ಚಿಕ್ಕಮ್ಮ ಕಾಫಿ ಕೊಡುತ್ತ, "ಭಾವ, ಈ ಸಲ ಕ್ಯಾಸೆಟ್ ಯಾಕೋ ಕರಕರ ಅಂತಿದೆಯಲ್ಲ? ಅಕ್ಕನ ಧ್ವನಿಯಂತೂ ಒಡೆದು ಹೋಗಿದೆ" ಎಂದಳು. ಅಪ್ಪ ನಂಬಲಿಲ್ಲ. ಹಾಕು ನೋಡೋಣ ಎಂದರು. ಚಿಕ್ಕಮ್ಮ ಹಾಕಿದಳು. ಧ್ವನಿಗಳೆಲ್ಲ ನಿಜಕ್ಕೂ ಹರಿದು ಬರುತ್ತಿದ್ದವು. ರೆಕಾರ್ಡ್ ಮಾಡುವಾಗ ಸೌಂಡ್ ವಿಪರೀತ ಜಾಸ್ತಿ ಇಟ್ಟಿದ್ದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅಪ್ಪ ಮಾತ್ರ ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿ, "ಸರಿಯಾಗೇ ಇದೆಯಲ್ಲ" ಎಂದರು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಲೋಟ ಕೆಳಗಿಟ್ಟರು. ಶಿವಮೊಗ್ಗದ ಕಿವಿ ಡಾಕ್ಟರು ನೋಡಿ, ಎರಡೂ ಕಿವಿಯ ನರ ಸೋಲುತ್ತಿದೆ, ಮನೆತನದಲ್ಲಿ ಬಂದಿದ್ದಿರಬೇಕು, ನಿಧಾನವಾಗಿ ಇನ್ನೂ ಇಳಿಯುತ್ತದೆ ಎಂದರು. ನಮ್ಮ ಅಜ್ಜನಿಗೂ ಹಾಗೇ ಆಗಿತ್ತು.

ಮರುವರ್ಷ ಅಪ್ಪ ಟೇಪ್ ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅದನ್ನು ಕೆಳಗಿಳಿಸಿದವಳು ಅಮ್ಮ. ಮಿಕ್ಸಿ ಬಿಟ್ಟರೆ ಬೇರೆ ಯಾವ ಯಂತ್ರವನ್ನೂ ಮುಟ್ಟದವಳು ತಾನೇ ಧೂಳು ಒರೆಸಿ ಅಪ್ಪನ ಮುಂದಿಟ್ಟಳು. "ನನಗೆ ಕೇಳಿಸಲ್ಲ ಮಾರಾಯ್ತಿ, ಹಾಳು ಮಾಡ್ತೀನಿ" ಎಂದರು ಅಪ್ಪ. ಅಮ್ಮ ಅವರ ಎಡಗಿವಿಯ ಹತ್ತಿರ ಬಾಗಿ, "ಗುಂಡಿ ನೀವು ತಿರುಗಿಸಿ. ಕೇಳೋದು ನಾನು ಕೇಳ್ತೀನಿ" ಎಂದಳು. ಅಂದಿನಿಂದ ಇಬ್ಬರೂ ಒತ್ತಿಕೊಂಡು ಕೂರುತ್ತಿದ್ದರು. ಧ್ವನಿ ಹೆಚ್ಚಾದರೆ ಅಮ್ಮ ಅವರ ಮೊಣಕಾಲು ಒತ್ತುತ್ತಿದ್ದಳು, ಸರಿಹೋದರೆ ಬಿಡುತ್ತಿದ್ದಳು. ಆ ವರ್ಷಗಳ ಕ್ಯಾಸೆಟ್ಟುಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ.

ಕ್ವಾರ್ಟರ್ಸಿನಲ್ಲಿ ನಮ್ಮ ಕೊನೆಯ ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಮಾತು ಕೇಳಿಸುವುದು ಪೂರ್ತಿ ನಿಂತಿತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದರು. ಹಬ್ಬ ಕಳೆದ ಮೇಲೆ ಮನೆ ಬಿಡಬೇಕಾಗಿತ್ತು. ಅರ್ಧ ಸಾಮಾನು ಆಗಲೇ ಗೋಣಿಚೀಲ ಸೇರಿತ್ತು, ಖಾಲಿ ಕೋಣೆಯಲ್ಲಿ ಎಲ್ಲರ ಧ್ವನಿಯೂ ಸ್ವಲ್ಪ ಹೆಚ್ಚೇ ಮೊಳಗುತ್ತಿತ್ತು. ಎಲ್ಲರೂ ಹಾಡಿ ಮುಗಿಸಿದ ಮೇಲೂ ಕ್ಯಾಸೆಟ್ಟಿನಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಅಮ್ಮ ಅಪ್ಪನನ್ನು ನೋಡಿದಳು. ಬೆರಳಿನಿಂದ ಅವರ ಎದೆ ತೋರಿಸಿ, ನೀವು ಹಾಡಿ ಎಂದು ಸನ್ನೆ ಮಾಡಿದಳು. ಅಪ್ಪ ತಲೆಯಾಡಿಸಿದರು. "ಶ್ರುತಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ ನನಗೆ." ಸೆಲ್ವಿಯಕ್ಕ ಕೈ ಮುಗಿದು, "ಹಾಡಿ ಸಾರ್, ನೀವು ಇಷ್ಟು ವರ್ಷ ನಮ್ದು ಕೇಳಿದ್ರಲ್ಲ, ಈಗ ನಾವು ಕೇಳ್ತೀವಿ" ಎಂದರು. ಅವರ ಮಾತು ಕೇಳಿಸದಿದ್ದರೂ ಮುಗಿದ ಕೈ ಅಪ್ಪನಿಗೆ ಕಾಣಿಸಿತು. ಅಮ್ಮ ಗುಂಡಿ ಒತ್ತಿದಳು.

ಅಪ್ಪ ಹಾಡಿದ್ದು ಅಜ್ಜಿಯ ಬೀಸುವ ಹಾಡು. ನಾವು ಯಾರೂ ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಬ್ಬಕ್ಕೆ ತಂಗಿಯನ್ನು ತವರಿಗೆ ಕರೆದೊಯ್ಯಲು ಅಣ್ಣ ಗಾಡಿ ಕಟ್ಟಿಕೊಂಡು ಬರುತ್ತಾನೆ. ಬಂದು ಅಂಗಳದಲ್ಲಿ ನಿಲ್ಲುತ್ತಾನೆ. ತಂಗಿಗೆ ಒಳಗಿನ ಕೆಲಸ ಮುಗಿಯದು, ಅತ್ತೆಯ ಅಪ್ಪಣೆ ಸಿಗದು. ಅಪ್ಪನ ಧ್ವನಿ ದಪ್ಪಗೆ ಶುರುವಾಯಿತು, ಜಾರಿತು, ಎಲ್ಲಿಗೋ ಏರಿತು, ಮತ್ತೆ ತಡವರಿಸಿ ದಾರಿಗೆ ಬಂತು. ಕತ್ತಲೆಯ ಕೋಣೆಯಲ್ಲಿ ಗೋಡೆ ಸವರಿಕೊಂಡು ನಡೆಯುವವರ ಹಾಗೆ ಹಾಡುತ್ತಿದ್ದರು. ಅವರ ಕಣ್ಣು ಅಮ್ಮನ ಮುಖ ಬಿಟ್ಟು ಕದಲಲಿಲ್ಲ. ಚಿಕ್ಕಮ್ಮ ಶ್ರುತಿಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹಾಡಿನ ಅಣ್ಣ ಇನ್ನೂ ಅಂಗಳದಲ್ಲಿ ನಿಂತೇ ಇದ್ದ. ಅಷ್ಟರಲ್ಲಿ ಕ್ಯಾಸೆಟ್ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

ಅಪ್ಪನಿಗೆ ಅದು ಕೇಳಿಸಲಿಲ್ಲ. ಹಾಡುತ್ತಲೇ ಇದ್ದರು. ನನ್ನ ಕೈ ತಾನಾಗಿಯೇ ಟೇಪ್ ರೆಕಾರ್ಡರಿನ ಕಡೆ ಹೋಯಿತು. ಅಮ್ಮ ನನ್ನ ಕಡೆ ನೋಡದೆಯೇ ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ತನ್ನ ಸೆರಗನ್ನು ಮೆಲ್ಲಗೆ ಗುಂಡಿಗಳ ಮೇಲೆ ಸರಿಸಿ, ಅಪ್ಪನ ಮುಖವನ್ನೇ ನೋಡುತ್ತ ತಲೆದೂಗುತ್ತ ಕೂತಳು. ಉಳಿದ ಹಾಡನ್ನು ನಾವು ನಾಲ್ಕು ಜನ ಹೆಂಗಸರು ಮಾತ್ರ ಕೇಳಿದೆವು. ಅತ್ತೆಯ ಮನಸ್ಸು ಕರಗಿತು, ತಂಗಿ ಕೈ ತೊಳೆದು ಬಂದಳು, ಗಾಡಿ ಹತ್ತಿದಳು. ಹಾಡು ಮುಗಿದಾಗ ಅಪ್ಪನ ಹಣೆಯೆಲ್ಲ ಬೆವರು. "ಎಷ್ಟು ಬಂತು?" ಎಂದು ಕೇಳಿದರು. ಅಮ್ಮ ಎರಡೂ ಕೈ ಅಗಲಿಸಿ ತೋರಿಸಿ, ತುಟಿ ಕಾಣುವ ಹಾಗೆ ನಿಧಾನವಾಗಿ, "ಎಲ್ಲಾ ಬಂತು" ಎಂದಳು.

ಆ ವರ್ಷದ ಕ್ಯಾಸೆಟ್ ಯಾರ ಯಾರ ಮನೆಗೆ ಹೋಯಿತೋ ಅವರಿಗೆಲ್ಲ ಅಮ್ಮ ಮೊದಲೇ ಹೇಳಿಟ್ಟಿದ್ದಳು. ಮನೆ ಬಿಡುವ ಮುಂಚೆ ನೋಡಲು ಬಂದವರೆಲ್ಲ ಅಪ್ಪನ ಕೈ ಹಿಡಿದು, ಹಾಡು ಪೂರ್ತಿ ಕೇಳಿದೆವು, ಬಹಳ ಚೆನ್ನಾಗಿತ್ತು ಎಂದು ಅಭಿನಯಿಸಿ ತೋರಿಸಿದರು. ಅಪ್ಪ ಹುಡುಗನ ಹಾಗೆ ನಾಚಿಕೊಂಡರು. ನಿನ್ನ ಅಜ್ಜಿಯ ಧ್ವನಿ ಉಳಿಯಲಿಲ್ಲ, ಅವಳ ಹಾಡಾದರೂ ಉಳಿಯಿತಲ್ಲ ಎಂದು ನನ್ನ ಹತ್ತಿರ ಹೇಳಿದರು. ಅದೇ ಸಮಾಧಾನದಲ್ಲಿ ಶಿವಮೊಗ್ಗದ ರಾಗಿಗುಡ್ಡದ ನಮ್ಮ ಬಾಡಿಗೆ ಮನೆಯಲ್ಲಿ ಕೆಲವು ವರ್ಷ ಬದುಕಿ, ಒಂದು ಬೆಳಿಗ್ಗೆ ಪೇಪರ್ ಓದುತ್ತ ಕೂತಲ್ಲೇ ಹೋದರು.

ಈ ವರ್ಷ ಹಬ್ಬಕ್ಕೆ ಮೊದಲು ಚಿಕ್ಕಮ್ಮ ಒಂದು ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದಿಟ್ಟಳು. ಅಪ್ಪ ಕೊಟ್ಟ ಕ್ಯಾಸೆಟ್ಟುಗಳು. ಬೇರೆ ಎಲ್ಲರ ಮನೆಯಲ್ಲೂ ಅವು ಯಾವಾಗಲೋ ಕಸ ಸೇರಿದ್ದವು. "ಎಲ್ಲಾ ಸೇರಿಸಿ ಮೊಬೈಲಿಗೆ ಹಾಕಿ ಎಲ್ರಿಗೂ ಕಳಿಸೇ. ಮಕ್ಕಳೂ ಕೇಳ್ಲಿ" ಎಂದಳು. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಗಾಂಧಿ ಬಜಾರಿನ ಹತ್ತಿರದ ಒಂದು ಅಂಗಡಿಯವರು ಆದಷ್ಟನ್ನು ಉಳಿಸಿ ಪೆನ್ ಡ್ರೈವಿಗೆ ಹಾಕಿಕೊಟ್ಟರು. ಸಂಜೆ ಕೆಲಸ ಮುಗಿಸಿ ಬಂದು ನಾನು ಹಾಡುಗಳನ್ನು ಆರಿಸಿ ಜೋಡಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಹತ್ತಿ ಹಿಂಜುತ್ತ ಬತ್ತಿ ಹೊಸೆಯುತ್ತಿದ್ದಳು. ತನ್ನದೇ ಎಳೆಯ ಧ್ವನಿಗೆ ನಕ್ಕಳು. ಈಗ ಸೇಲಂನಲ್ಲಿ ಮಗಳ ಮನೆ ಸೇರಿರುವ ಸೆಲ್ವಿಯಕ್ಕನ ಹಾಡಿಗೆ ಕಣ್ಣೊರೆಸಿಕೊಂಡಳು. ಕೊನೆಯ ಕ್ಯಾಸೆಟ್ಟಿನ ಕೊನೆಯ ಹಾಡಿಗೆ ಬಂದಾಗ ಮಾತ್ರ, ಅಪ್ಪ ಉಸಿರೆಳೆದುಕೊಂಡ ಸದ್ದು ಬಂತೋ ಇಲ್ಲವೋ, "ನಿಲ್ಸು" ಎಂದಳು.

"ಇದೊಂದನ್ನ ಕಳಿಸ್ಬೇಡ."

"ಯಾಕಮ್ಮಾ? ಅಪ್ಪ ಹಾಡಿದ್ದು ಅಂತ ಇರೋದು ಇದೊಂದೇ. ಎಲ್ಲರೂ ಇದನ್ನೇ ಕಾಯ್ತಿದಾರೆ."

"ಅರ್ಧಕ್ಕೇ ನಿಂತಿದೆ ಅಂತ ಯಾವುದಾದ್ರೂ ಮಗು ಕೇಳಿದ್ರೆ ಏನು ಹೇಳ್ತೀಯ? ಎಲ್ಲಾ ಬಂತು ಅಂತ ನಾನು ಅವರಿಗೆ ಹೇಳಿದೀನಿ."

ಅಪ್ಪ ಈಗ ಇಲ್ಲವಲ್ಲ ಎನ್ನಲು ಹೋದವಳು ಆ ಹಾಡನ್ನು ಪಟ್ಟಿಯಿಂದ ತೆಗೆದೆ. ಅಮ್ಮ ಹೊಸೆದ ಬತ್ತಿಯನ್ನು ಮತ್ತೆ ಬಿಚ್ಚಿ ಹೊಸೆಯುತ್ತಿದ್ದಳು. ಅರ್ಧ ಹಾಡು ನನ್ನ ಹತ್ತಿರವೇ ಉಳಿಯಿತು. ಉಳಿದದ್ದೆಲ್ಲ ನೆಂಟರ ಗ್ರೂಪಿಗೆ ಹೋಯಿತು. ನೀರು ತುಂಬುವ ಹಬ್ಬದ ದಿನ ಬೆಳಗಿನಿಂದ ಫೋನುಗಳೇ ಫೋನುಗಳು. ನನ್ನ 'ರ' ಇಲ್ಲದ ಪ್ರಾರ್ಥನೆಗೆ ಯಾರದೋ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಚಿಕ್ಕಮ್ಮ ಮಾತ್ರ, "ಭಾವನದು ಇಲ್ವಲ್ಲೇ?" ಎಂದಳು. ಅಮ್ಮ ಬೇಡ ಅಂದಳು ಎಂದೆ. "ಸರಿ, ಅವಳು ಹೇಳಿದ ಹಾಗೇ ಆಗ್ಲಿ" ಎಂದು ಫೋನಿಟ್ಟಳು.

ಪಾಡ್ಯದ ಸಂಜೆ ಮೆಟ್ಟಿಲ ಮೇಲೆ ಹಣತೆ ಹಚ್ಚಿಟ್ಟು ಅಮ್ಮ ಬಾಗಿಲಲ್ಲೇ ಕೂತಳು. ಎಲ್ಲಾ ಒಂದು ಸಲ ಹಾಕು ಎಂದಳು. ಹಾಕಿದೆ. ಎದುರು ಮನೆಯ ಮಕ್ಕಳು ಸುರುಸುರು ಬತ್ತಿ ಹಿಡಿದು ಓಡಾಡುತ್ತಿದ್ದರು. ನ್ಯೂ ಟೌನಿನ ಆ ಮುಚ್ಚಿದ ಕೋಣೆಯಿಂದ ಒಬ್ಬೊಬ್ಬರಾಗಿ ಎಲ್ಲರೂ ಬಂದು ಹಾಡಿ ಹೋದರು. ಕೊನೆಗೆ ಚಿಕ್ಕಮ್ಮನ ಮಂಗಳವೂ ಮುಗಿಯಿತು. ನಾನು ಫೋನ್ ತೆಗೆದುಕೊಳ್ಳಲು ಕೈ ಚಾಚಿದೆ.

"ಇರು," ಎಂದಳು ಅಮ್ಮ. "ಈಗ ಇವರದು."

ಇಬ್ಬರೂ ಸುಮ್ಮನೆ ಕೂತೆವು. ಅಮ್ಮನ ತುಟಿ ಅಲುಗಲಿಲ್ಲ, ಕಣ್ಣು ದೀಪದ ಮೇಲಿತ್ತು. ನಾನೂ ಮನಸ್ಸಿನಲ್ಲೇ ಅವಳ ಜೊತೆ ಅಪ್ಪನ ಹಾಡಿನ ದಾರಿ ಹಿಡಿದೆ. ಗಾಡಿ ಬಂತು. ಅಣ್ಣ ಅಂಗಳದಲ್ಲಿ ನಿಂತ, ಬಹಳ ಹೊತ್ತು ನಿಂತ. ಒಳಗೆ ಕೆಲಸ ಮುಗಿಯಿತು. ತಂಗಿ ಕೈ ತೊಳೆದು ಹೊರಗೆ ಬಂದಳು. ಆಮೇಲೆ ಅಮ್ಮ ಒಂದು ಉದ್ದನೆಯ ಉಸಿರು ಬಿಟ್ಟು, "ಆಯ್ತು" ಎಂದು ನನ್ನ ಹೆಗಲು ಹಿಡಿದು ಎದ್ದಳು. ಎಣ್ಣೆ ಕಡಿಮೆಯಾಗಿದ್ದ ಹಣತೆಗಳಿಗೆ ಎಣ್ಣೆ ಹಾಕಲು ಒಳಗಿನಿಂದ ಗಿಂಡಿ ತಂದಳು.