ಮರಿಯಮಬಿಗೆ ಸಿಕ್ಕ ಹೆಚ್ಚಿನ ಗಾಳಿ

ಮರಿಯಮಬಿ ಮದುವೆಯಾಗಿ ಹಾನಗಲ್ಲಿಗೆ ಬಂದಾಗಿನಿಂದ ಚುರುಮುರಿ ಭಟ್ಟಿಯಲ್ಲಿ ಅಕ್ಕಿ ಹುರಿಯುತ್ತಿದ್ದಳು. ಕಾದ ಉಸುಕಿನಲ್ಲಿ ಅಕ್ಕಿ ಅರಳಿದ ಕೂಡಲೇ ಜರಡಿ ಎತ್ತಬೇಕು. ಹೊಗೆಯೆಂದು ಮುಖ ತಿರುಗಿಸಿದರೆ ಕಾಳು ಕಪ್ಪಾಗುತ್ತದೆ. ಒಲೆಗೆ ಭತ್ತದ ಹೊಟ್ಟು, ಅದು ಸಾಲದಾದಾಗ ಹಳೆಯ ಟೈರು. ನಾನು ಎದುರು ಮನೆಯವಳು, ಶಾಲೆಯ ಶಿಕ್ಷಕಿ. ಸಂಜೆ ಅವಳ ಕಟ್ಟೆಯ ಮೇಲೆ ಕೂತು ಇಬ್ಬರೂ ಓಣಿಯವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. "ನೀವು ಎದ್ದು ಹೋದಮ್ಯಾಲ ನಿಮ್ಮನ್ನೂ ಆಡ್ಕೋತೇನಿ, ಅಕ್ಕಾರ" ಅನ್ನುತ್ತಿದ್ದಳು.

ಹೋದ ವರ್ಷ ಕಟ್ಟೆಯಿಂದ ನಲ್ಲಿಯವರೆಗೆ ಹೋಗುವಷ್ಟರಲ್ಲೇ ಅವಳಿಗೆ ತೇಕು ಹತ್ತತೊಡಗಿತು. ಮಗಳು ತಸ್ಲೀಮಾ ಮತ್ತು ನಾನು ದವಾಖಾನೆಗೆ ಕರೆದೊಯ್ದೆವು.

"ರಕ್ತ ಆಕ್ಸಿಜನ್ ಹೊತ್ಕೊಂಡ ಹೋಗಿ ಮೈತುಂಬಾ ಇಳಸ್ತೈತಿ," ಎಂದರು ಡಾಕ್ಟರು. "ತಿರುಗಿ ಬರೂಮುಂದ ಕಾರ್ಬನ್ ಡೈಆಕ್ಸೈಡ್ ಹೇರ್ಕೊಂಡ ಬರ್ತೈತಿ. ನಿಮ್ಮ ಪುಪ್ಪಸ ಹೊಗಿ ಕುಡದು ಸೋತಾವು. ಬಂದದ್ದು ಪೂರಾ ಹೊರಗ ಹೋಗವಲ್ದು."

"ಹಾವೇರಿ ಬಸ್ಸಿನಂಗ ಅನ್ರಿ," ಮರಿಯಮಬಿ ತೇಕುತ್ತಲೇ ಅಂದಳು. "ಹತ್ತಾವ್ರ ಭಾಳ, ಇಳಿಯಾವ್ರ ಇಲ್ಲ."

ಡಾಕ್ಟರು ನಕ್ಕು, ಮನೆಯಲ್ಲಿಡಲು ಆಕ್ಸಿಜನ್ ಯಂತ್ರ ಬರೆದುಕೊಟ್ಟರು. ಅದರ ಗುಂಡಿ ಒಂದನೇ ಅಂಕಿಯ ಮೇಲೆಯೇ ಇರಬೇಕು, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಯಂತ್ರ ತೊಂಬತ್ತರ ಆಚೀಚೆ ತೋರಿಸಿದರೆ ಸಾಕು ಎಂದು ಒತ್ತಿ ಹೇಳಿದರು. ಇಂಥವರ ರಕ್ತಕ್ಕೆ ಒಮ್ಮೆಲೇ ಆಕ್ಸಿಜನ್ ತುಂಬಿದರೆ, ಅದು ಹಿಡಿದುಕೊಂಡಿದ್ದ ಕಾರ್ಬನ್ ಡೈಆಕ್ಸೈಡನ್ನು ಬಿಟ್ಟುಬಿಡುತ್ತದೆ. ಸೋತ ಶ್ವಾಸಕೋಶ ಅದನ್ನು ಹೊರಹಾಕಲಾರದು. ಅದು ಮೈಯಲ್ಲೇ ಏರಿ, ಮಂಪರು ಕವಿದು, ಉಸಿರು ಸಣ್ಣದಾಗುತ್ತ ಹೋಗುತ್ತದೆ.

ಮಳೆಗಾಲದಲ್ಲಿ ಅವಳಿಗೆ ನೆಗಡಿ, ಕೆಮ್ಮು ಹೆಚ್ಚಿತು. ಸವಣೂರಿನಿಂದ ಅವಳ ತಮ್ಮ ಹಯಾತ ನೋಡಲು ಬಂದ. ಕೊರೊನಾ ಕಾಲದಲ್ಲಿ ಅವನ ಹೆಂಡತಿ ಆಕ್ಸಿಜನ್ ಸಿಗದೆ ತೀರಿಕೊಂಡಿದ್ದಳು. ತೊಂಬತ್ತೈದಕ್ಕಿಂತ ಇಳಿದರೆ ಜೀವಕ್ಕೆ ಅಪಾಯ ಎಂಬ ಮಾತು ಆಗ ನಮ್ಮ ಕಡೆ ಎಲ್ಲರ ಬಾಯಲ್ಲಿತ್ತು. ತಸ್ಲೀಮಾ ಔಷಧಿ ತರಲು ಹೋಗಿದ್ದಳು. ಅಕ್ಕನ ಬೆರಳಲ್ಲಿ ಎಂಬತ್ತೊಂಬತ್ತು ಕಂಡು ಹಯಾತ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ.

ತಸ್ಲೀಮಾ ಮರಳಿದಾಗ ತಾಯಿಯ ತುಟಿಯ ನೀಲಿ ಹೋಗಿ ಮುಖ ಕೆಂಪೇರಿತ್ತು. "ನೋಡವಾ, ತೊಂಬತ್ತೆಂಟಕ್ಕ ತಂದೇನಿ," ಅಂದ ಹಯಾತ. "ಎಷ್ಟು ಚಂದ ಮಲಗ್ಯಾಳ ಆಪಾ." ಹುಡುಗಿ ಗುಂಡಿ ಇಳಿಸಿ ತಾಯಿಯನ್ನು ಅಲುಗಿಸಿದಳು. ಕಣ್ಣು ತೆರೆಯಲಿಲ್ಲ. ಆಂಬುಲೆನ್ಸ್ ಹಾವೇರಿ ಮುಟ್ಟಿದಾಗ ಉಸಿರಿತ್ತು, ಮರುದಿನ ನಿಂತಿತು.

ಹಯಾತನಿಗೆ ಯಾರೂ ಏನೂ ಹೇಳಲಿಲ್ಲ. ಹೆಂಡತಿಗೆ ಸಿಗದ ಗಾಳಿಯನ್ನು ಅಕ್ಕನಿಗಾದರೂ ಕೊಟ್ಟೆ ಎಂದು ಮಣ್ಣಿಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದ. ತಸ್ಲೀಮಾ ನನ್ನ ಕೈ ಹಿಡಿದಳು. "ಮಾಮೂಗ ಹೇಳಬ್ಯಾಡ್ರಿ ಅಕ್ಕಾರ. ಅದೊಂದ ಸಮಾಧಾನ ಇರ್ಲಿ ಅವಂಗ." ನಾನು ಒಪ್ಪಿದೆ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಹಯಾತ ಹೊರಡುತ್ತ ಯಂತ್ರದತ್ತ ಕೈ ತೋರಿಸಿದ.

"ಇದನ್ನ ಒಯ್ಯಲೇನವಾ? ನಮ್ಮ ಮಾವಗೂ ಆಪಾನಂಗ ದಮ್ಮೈತಿ. ಅವರನ್ನ ನಾನ ನೋಡ್ಕೋತೇನಿ. ಹ್ಯಾಂಗ ನಡಸೂದು ನನಗ ಗೊತ್ತೈತಲ್ಲ."

ತಸ್ಲೀಮಾ ನನ್ನನ್ನು ನೋಡಿದಳು. ಇನ್ನು ಹೇಳದೆ ಇರುವಂತಿರಲಿಲ್ಲ.

"ಕುಂದ್ರಪಾ ಹಯಾತ," ಎಂದೆ. "ಮದಲ ಡಾಕ್ಟರಿಗೆ ತೋರಿಸು. ಅವರು ಹೇಳಿದ್ದಕ್ಕಿಂತ ಗುಂಡಿ ಏರಿಸಬಾರದು." ರಕ್ತ ಏನು ಹೊರುತ್ತದೆ, ಏನು ಇಳಿಯದೆ ಉಳಿಯುತ್ತದೆ, ಮಂಪರು ಯಾಕೆ ಕವಿಯುತ್ತದೆ, ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಅವನು ಮಾವನ ಸಲುವಾಗಿ ತಲೆಯಾಡಿಸುತ್ತ ಕೇಳುತ್ತಿದ್ದ. ನಡುವೆ ತಲೆಯಾಡಿಸುವುದು ನಿಂತಿತು.

"ಹಂಗಾರ ಅವತ್ತು ಆಪಾಗ ಬಂದದ್ದು ನಿದ್ದಿ ಅಲ್ಲೇನ್ರಿ?"

ತಸ್ಲೀಮಾ ಅವನ ಪಕ್ಕದಲ್ಲಿ ಕೂತು ತೋಳು ಹಿಡಿದುಕೊಂಡಳು.