ಹೊಟ್ಟೆ ತುಂಬ ತಿನ್ನಬಾರದ ಹೇಟೆ

ಹಗರೆಯ ಚಲುವಮ್ಮ ಹಿತ್ತಲ ಶೆಡ್ಡಿನಲ್ಲಿ ಬ್ರಾಯ್ಲರ್ ಕೋಳಿ ಸಾಕಲು ಶುರುಮಾಡಿದ್ದು ೧೯೯೯ರಲ್ಲಿ. ಅದುವರೆಗೆ ಅವರು ಸಾಕಿದ್ದೆಲ್ಲ ನಾಟಿ ಕೋಳಿ. ಮರಿ, ಫೀಡು, ಔಷಧಿ ಎಲ್ಲ ಕಂಪನಿಯದು. ಆರು ವಾರ ನೋಡಿಕೊಳ್ಳುವ ಕೆಲಸ ಇವರದು. ಆಮೇಲೆ ಲಾರಿ ಬಂದು ತುಂಬಿಕೊಂಡು ಹೋಗುತ್ತಿತ್ತು.

ಆರೇ ವಾರಕ್ಕೆ ಎರಡು ಕೆಜಿ ತೂಗುವ ಕೋಳಿಯನ್ನು ಅವರು ಕಂಡಿರಲಿಲ್ಲ. ಆದರೆ ನಾಲ್ಕನೇ ವಾರ ದಾಟಿದ ಮೇಲೆ ಅವು ನಡೆಯುವುದನ್ನೇ ಬಿಡುತ್ತಿದ್ದವು. ಫೀಡಿನ ಪಕ್ಕದಲ್ಲೇ ಕೂತು ತಿನ್ನುತ್ತಿದ್ದವು. ಕೆಲವಕ್ಕೆ ಕಾಲು ಸೊಟ್ಟಗಾಗುತ್ತಿತ್ತು. ಚೆನ್ನಾಗಿ ಬಲಿತ ಹುಂಜಗಳು ಇದ್ದಕ್ಕಿದ್ದಂತೆ ರೆಕ್ಕೆ ಬಡಿದು, ಅಂಗಾತ ಬಿದ್ದು ಸಾಯುತ್ತಿದ್ದವು.

ತನ್ನದೇ ತಪ್ಪೆಂದುಕೊಂಡ ಚಲುವಮ್ಮ ದನದ ಡಾಕ್ಟರು ಗಂಗಾಧರಯ್ಯನವರನ್ನು ಕರೆಸಿದರು. ಅವರು ಸತ್ತ ಹುಂಜವೊಂದನ್ನು ಕೊಯ್ದು ನೋಡಿದರು.

"ನಿಮ್ಮ ತಪ್ಪೇನಿಲ್ಲಮ್ಮ. ಬೇಗ ಬೆಳೀಲಿ ಅಂತ ದಪ್ಪಗಿರೋವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದಾರೆ. ಮೈ ಬೆಳೆದಷ್ಟು ಕಾಲಿಗೂ ಗುಂಡಿಗೆಗೂ ಬಲ ಬರಲಿಲ್ಲ."

"ಹಂಗಾದ್ರೆ ಇವುಗಳ ಅಪ್ಪ ಅವ್ವ ಹೆಂಗ್ ಬದುಕ್ತವೆ, ಡಾಕ್ಟ್ರೇ? ಮೊಟ್ಟೆ ಇಕ್ಕಬೇಕಲ್ಲ?"

"ಅವಕ್ಕೆ ಅರೆಹೊಟ್ಟೆ. ಹೊಟ್ಟೆ ತುಂಬ ಹಾಕಿದ್ರೆ ಬಾಳೋದು ಕಷ್ಟ."

ಚಲುವಮ್ಮನಿಗೆ ನಂಬಿಕೆ ಬರಲಿಲ್ಲ; ತಾವೇ ಮಾಡಿ ನೋಡೋಣವೆಂದುಕೊಂಡರು. ಮುಂದಿನ ಸಲ ಲಾರಿಯವರು ಕುಂಟುತ್ತದೆಂದು ಬಿಟ್ಟುಹೋದ ಬಿಳಿ ಹೇಟೆಯೊಂದನ್ನು ನಾಟಿ ಕೋಳಿಗಳ ಜೊತೆ ಅಂಗಳಕ್ಕೆ ಬಿಟ್ಟರು. ಬೆಳಿಗ್ಗೆ ಒಂದು ಹಿಡಿ ರಾಗಿ, ಸಂಜೆ ಒಂದು ಹಿಡಿ, ಅಷ್ಟೇ. ತಿಂಗಳಲ್ಲಿ ಕುಂಟು ಕಡಿಮೆಯಾಯಿತು. ಆದರೆ ಅವರು ಹೊರಗೆ ಬಂದರೆ ಸಾಕು, ಓಡಿಬಂದು ಕಾಲುಂಗುರ ಕುಕ್ಕುತ್ತಿತ್ತು, ಸೀರೆಯ ಅಂಚು ಎಳೆಯುತ್ತಿತ್ತು, ಏನೂ ಸಿಗದಿದ್ದರೆ ಕಲ್ಲನ್ನೇ ಕುಕ್ಕುತ್ತಿತ್ತು. ಮನಸ್ಸು ತಡೆಯದೆ ಒಂದು ವಾರ ಹೊಟ್ಟೆ ತುಂಬ ಹಾಕಿದರು. ಎಂಟನೇ ದಿನ ಅದು ಕೂತಲ್ಲೇ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮತ್ತೆ ಹಿಡಿ ಲೆಕ್ಕಕ್ಕೇ ಬಂದರು.

ಏಳನೇ ತಿಂಗಳಿಗೆ ಹೇಟೆ ಮೊಟ್ಟೆ ಇಟ್ಟಿತು. ಪಕ್ಕದ ಮನೆಯ ವಿಶಾಲಮ್ಮ, "ಅಂತೂ ಉಳಿಸ್ಕಂಡೆ ಬಿಡೇ" ಎಂದಳು.

"ಉಳ್ಸಿವ್ನಿ ಕಣೇ. ಆದ್ರೆ ಅದರ ಮಕ ನೋಡಕ್ಕೆ ನಾಚ್ಕೆ ಆಯ್ತದೆ."

ಮುಂದಿನ ಮರಿಗಳನ್ನು ಇಳಿಸಲು ಬಂದ ಕಂಪನಿಯ ಇಂದುಧರನಿಗೆ ಬಾಗಿಲಲ್ಲೇ ಬೇಡವೆಂದರು. ಅವನು ಕಾರಣ ಕೇಳಿದ. "ಉಣ್ಣಾಕಿಕ್ಕಿ ಸಾಯ್ಸೋ ಕೆಲ್ಸ ನನ್ ಕೈಲಿ ಆಗಕ್ಕಿಲ್ಲಪ್ಪ" ಎಂದರು.

ಶೆಡ್ಡಿಗೆ ನಾಟಿ ಮರಿಗಳು ಬಂದವು. ಮೊದಲ ಸಲ ಹತ್ತನ್ನು ಮುಂಗುಸಿ ಒಯ್ದಿತು. ಉಳಿದವು ಮಾರಾಟಕ್ಕೆ ಬರಲು ಆರು ತಿಂಗಳು ಹಿಡಿಯಿತು.